ಅಂಗಡಿಯ ಹೆಸರಿನಲ್ಲಿ ಇನ್ಯಾರೋ

ಹೊಲಿಗೆ ಯಂತ್ರದ ಅಂಗಡಿಯ ಕಿರಿಸೊಸೆಗೆ ಒಂದು ಚಟ: ಯಾವುದನ್ನೂ ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಮಾವನವರ ಗೋಡೆ ಗಡಿಯಾರ ಬಿಚ್ಚಿ ಬೈಸಿಕೊಂಡಿದ್ದಳು. ಆದರೆ ಅಂಗಡಿಯ ಇಮೇಲ್‌ಗಳೆಲ್ಲ ಗಿರಾಕಿಗಳ ಜಂಕ್ ಪೆಟ್ಟಿಗೆಗೆ ಬೀಳತೊಡಗಿ, ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರ ಆರ್ಡರ್ ಕೈತಪ್ಪಿದಾಗ ಮಾವನವರು ಅವಳನ್ನೇ ಕರೆದರು.

"ಅದೇನು ಬಿಚ್ತೀಯೋ ಬಿಚ್ಚಮ್ಮ. ಇನ್ನೊಂದು ಆರ್ಡರ್ ಹೀಗೆ ಹೋದ್ರೆ ಶಟರ್ ಎಳೆದು ಮನೇಲಿ ಕೂರಬೇಕಾಗುತ್ತೆ."

ಬಿಚ್ಚಿದಳು. ಒಳಗಿನ ಸಂಗತಿ ಇಷ್ಟೇ: ಮೇಲ್ ಕಳಿಸುವಾಗ ಯಾರು ಬೇಕಾದರೂ ಅಂಗಡಿಯ ವಿಳಾಸ ಹಾಕಿಕೊಳ್ಳಬಹುದು. 'ಈ ಸರ್ವರ್‌ನಿಂದ, ಈ ಸಹಿಯೊಡನೆ ಬಂದದ್ದು ಮಾತ್ರ ನಮ್ಮದು' ಎಂದು ಡೊಮೇನ್‌ನ, ಅಂದರೆ ಅಂಗಡಿಯ ಇಂಟರ್‌ನೆಟ್ ಹೆಸರಿನ, ದಾಖಲೆಯಲ್ಲಿ ಅಂಗಡಿಯವರೇ ಸಾರಬೇಕು. ಇಷ್ಟು ವರ್ಷ ಆ ಕೆಲಸ ಯಾರೂ ಮಾಡಿರಲಿಲ್ಲ. ಎಸ್‌ಪಿಎಫ್, ಡಿಕಿಮ್ ಎಂಬ ಆ ಎರಡು ಸಾಲುಗಳನ್ನು ಅವಳು ಸೇರಿಸಿದಳು. ಮೂರನೆಯದು ಡಿಮಾರ್ಕ್, ಅಂದರೆ ನಮ್ಮದಲ್ಲದ್ದನ್ನು ಏನು ಮಾಡಬೇಕು ಎಂದು ಗಿರಾಕಿಗಳ ಮೇಲ್ ಕಂಪನಿಗಳಿಗೆ ಕೊಡುವ ಅಪ್ಪಣೆ. ಅಲ್ಲಿ ಸದ್ಯಕ್ಕೆ 'ಸುಮ್ಮನೆ ಗಮನಿಸಿ, ವರದಿ ಕಳಿಸಿ' ಎಂದಷ್ಟೇ ಬರೆದು ತುದಿಗಾಲಲ್ಲಿ ಕಾದಳು.

ವರದಿ ಬಂತು. ಅಂಗಡಿಯ ಮೇಲ್‌ಗಳೆಲ್ಲ ಪಾಸು. ಅವುಗಳ ಕೆಳಗೆ, ಇನ್ನೆಲ್ಲಿಂದಲೋ ಅಂಗಡಿಯದೇ ವಿಳಾಸ ಹಾಕಿಕೊಂಡು ಹೋದ ಒಂದೆರಡು ಮೇಲ್, ಫೇಲು. ಮರುದಿನವೂ ಅದೇ, ಎರಡು ವಾರ ಕಳೆದರೂ ಅದೇ.

"ಕಳ್ಳರು!" ಮಾವನವರು ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದರು. "ಅಂಥದ್ದೆಲ್ಲ ಎಸೆದುಬಿಡಿ ಅಂತ ಬರೆದು ಬಾಗಿಲು ಹಾಕು."

"ಕಳ್ಳರಾದ್ರೆ ಸಾವಿರಗಟ್ಟಲೆ ಕಳಿಸ್ತಾರೆ ಮಾವ. ಇವರು ದಿನಕ್ಕೆ ಒಂದೋ ಎರಡೋ. ಭಾನುವಾರ ರಜಾ ಬೇರೆ! ಯಾವ ಕಳ್ಳ ಭಾನುವಾರ ರಜಾ ಹಾಕ್ತಾನೆ?"

"ನಿನಗೆ ಕುತೂಹಲ, ನನಗೆ ಹೊಟ್ಟೆಪಾಡು. ಶನಿವಾರದವರೆಗೆ ನೋಡು, ಆಮೇಲೆ ಹಾಕ್ಲೇಬೇಕು."

ಮೇಲ್‌ನ ಒಳಗೇನಿದೆ ಎಂಬುದನ್ನು ಮಾತ್ರ ಆ ಹಾಳು ವರದಿ ಹೇಳುವುದಿಲ್ಲ. ಅವಳ ತಲೆಯಲ್ಲಿ ಹುಳ ಕೊರೆಯತೊಡಗಿತು. ಪ್ರಿಂಟರ್ ತಾನಾಗಿಯೇ ಕಳಿಸುತ್ತಿದೆಯೋ? ಅಲ್ಲ. ಹಳೆಯ ವೆಬ್‌ಸೈಟೋ? ಅದೂ ಅಲ್ಲ. ಬಾಗಿಲು ಹಾಕಿದರೆ ಆ ಯಾರೋ ಬರೆದದ್ದು ಯಾರಿಗೂ ತಲುಪುವುದಿಲ್ಲ, ತಾನೇ ಅದರ ಕತ್ತು ಹಿಸುಕಿದ ಹಾಗಾಗುತ್ತದೆ ಎಂದು ಅವಳಿಗೆ ಕಸಿವಿಸಿ.

ಶನಿವಾರ ಮಧ್ಯಾಹ್ನ ಗುರುತಿಲ್ಲದ ಹೆಂಗಸೊಬ್ಬಳು ಅಂಗಡಿಗೆ ಬಂದಳು.

"ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ನಮ್ಮಜ್ಜಿಯ ಕೈಚಕ್ರದ ಯಂತ್ರ ದಾರ ಕಿತ್ತು ಕಿತ್ತು ಹಾಕ್ತಿತ್ತು. ನೀವು ಮೇಲಲ್ಲಿ ಹೇಳಿದ ಹಾಗೆ ಮಾಡಿದೆ, ಈಗ ಸರಾಗವಾಗಿ ಓಡ್ತಿದೆ ನೋಡಿ! ಜಂಕಲ್ಲಿ ಬಿದ್ದಿತ್ತು, ಪುಣ್ಯಕ್ಕೆ ಕಣ್ಣಿಗೆ ಬಿತ್ತು."

ಅಂಗಡಿ ಕೈಚಕ್ರದ ಯಂತ್ರಗಳ ಗೊಡವೆ ಬಿಟ್ಟು ವರ್ಷಗಳೇ ಆಗಿದ್ದವು. ಅದೇ ವಿಷಯಕ್ಕೆ ಮಾವನವರಿಗೂ, ಜೊತೆಯಲ್ಲೇ ಅಂಗಡಿ ಕಟ್ಟಿದ ಅವರ ಅಕ್ಕನಿಗೂ ಜಗಳವಾಗಿತ್ತು. "ಹಳೇ ಗಿರಾಕಿಗಳನ್ನ ನಡುನೀರಲ್ಲಿ ಕೈಬಿಡ್ತೀಯೇನೋ?" ಎಂದು ಅಕ್ಕ ದೂರದ ಮಗಳ ಮನೆಗೆ ಹೋದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ.

ಹೆಂಗಸು ಫೋನ್ ತೋರಿಸಿದಳು. ಮಾವನವರು ಓದಿದರು: "ಬಾಬಿನ್ ಕೇಸಿನ ತಿರುಪನ್ನು ಕೂದಲೆಳೆಯಷ್ಟೇ ಸಡಿಲಿಸಿ. ಅವಸರ ಬೇಡ. ಯಂತ್ರಕ್ಕೆ ವಯಸ್ಸಾಗಿದೆ, ಕಿವುಡಾಗಿಲ್ಲ, ಬೈದರೆ ಕೇಳಿಸುತ್ತದೆ. ಅಂಗಡಿಯ ಪರವಾಗಿ."

ಇನ್ನೊಮ್ಮೆ ಓದಿದರು. "ನಮ್ಮಕ್ಕ," ಎಂದರು. "ನನಗೆ ಕೆಲಸ ಕಲಿಸುವಾಗ ಹೀಗೇ ಹೇಳ್ತಿದ್ಲು."

ಸೊಸೆ ಹುಡುಕಿ ನೋಡಿದಳು. ಹಳೆಯ ಯಂತ್ರಗಳ ಪ್ರಶ್ನೆಗೆಂದು ಅಂಗಡಿಯದೊಂದು ಇಮೇಲ್ ವಿಳಾಸವಿತ್ತು. ಅಲ್ಲಿಗೆ ಬಂದದ್ದೆಲ್ಲ ಇಂದಿಗೂ ಮಾವನವರ ಅಕ್ಕನಿಗೇ ಹೋಗುತ್ತಿತ್ತು. ಅವರು ಮಗಳ ಮನೆಯಿಂದಲೇ ಅಂಗಡಿಯ ಹೆಸರಿನಲ್ಲಿ ಉತ್ತರ ಬರೆಯುತ್ತಿದ್ದರು.

"ಬಾಗಿಲು ಹಾಕ್ಲಾ ಮಾವ?" ಸೊಸೆಯ ದನಿಯಲ್ಲಿ ತುಂಟತನವೂ ಇತ್ತೆನ್ನಿ.

"ಹುಚ್ಚಿ! ಅವಳನ್ನ ಒಳಗೆ ಸೇರಿಸೋದು ಹೇಗೆ, ಅದು ಹೇಳು."

"ಅವರೂ ನಮ್ಮ ಸರ್ವರ್‌ನಿಂದಲೇ ಕಳಿಸ್ಬೇಕು. ಅದಕ್ಕೆ ಪಾಸ್‌ವರ್ಡ್ ಕೊಡ್ಬೇಕು. ಅದನ್ನ ಬರೆದು ಕಳಿಸೋ ಹಾಗಿಲ್ಲ, ಫೋನಲ್ಲೇ ಹೇಳ್ಬೇಕು. ನೀವೇ."

ಮಾವನವರು ಅಂಗಡಿಯೊಳಗೆ ಆಚೆಯಿಂದೀಚೆ ತಿರುಗಾಡಿದರು. ಕೊನೆಗೆ ಫೋನ್ ಮಾಡಿದರು.

"ಅಕ್ಕಾ, ನಾನು. ನಿನ್ನ ಮೇಲ್‌ಗಳೆಲ್ಲ ಜಂಕಿಗೆ ಬೀಳ್ತಿದ್ವಂತೆ. ತಪ್ಪು ನಮ್ಮದೇ."

ಆ ಕಡೆಯಿಂದ ಅಕ್ಕನ ದನಿ: "ಹಾಗಾ? ಯಾರೂ ಮರುತ್ತರಾನೇ ಬರೀತಿರ್ಲಿಲ್ವಲ್ಲೋ. ಯಾರಿಗೂ ಬೇಡವಾದೆ ಅಂದ್ಕೊಂಡೇ ಬರೀತಿದ್ದೆ."

"ಬರ್ಕೋ ಅಕ್ಕಾ," ಎಂದು ಮಾವನವರು ಪಾಸ್‌ವರ್ಡಿನ ಚೀಟಿ ಎತ್ತಿಕೊಂಡರು. ಕಣ್ಣು ತುಂಬಿ ಒಂದಕ್ಷರವೂ ಕಾಣಲಿಲ್ಲ. ಸೊಸೆ ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಪಿಸುಗುಟ್ಟಿದಳು, ಅವರು ಅಕ್ಕನಿಗೆ ಹೇಳುತ್ತ ಹೋದರು.