ಪರದೆಯ ಹಿಂದಿನ ಗೋಡೆ

ಬಬಲೇಶ್ವರದ ರೇಣವ್ವ ಕುಟ್ಟಿದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ತಿಂದವರು ಇನ್ನೊಮ್ಮೆ ಕೇಳದೆ ಬಿಟ್ಟವರಲ್ಲ. ಆದರೆ ಫೋನಿನಲ್ಲಿ ನೋಡುವವರಿಗೆ ರುಚಿ ಹೇಗೆ ತಿಳಿಯಬೇಕು? ಅವರು ನೋಡುವುದು ಗೋಡೆಯನ್ನು. ಮಗಳು ವಿಶಾಖಾಗೆ ಇದು ತಿಳಿದದ್ದು ಮೊದಲ ವಿಡಿಯೊ ಹಾಕಿದ ಮೇಲೆ. ಅದರಲ್ಲಿ ಅವ್ವ ಒಳಕಲ್ಲಿನ ಮುಂದೆ ಕುಳಿತಿದ್ದಳು, ಹಿಂದಿನ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟಗಳಿದ್ದವು. ನೋಡಿದವರು ಬಹಳ, ಬೇಕೆಂದವರು ಯಾರೂ ಇಲ್ಲ. ಒಬ್ಬ ಮಹಾಶಯ ಮಾತ್ರ ಬಲು ಮರ್ಯಾದೆಯಿಂದ, "ನಿಮ್ಮ ಅಡ್ಡಹೆಸರೇನ್ರಿ?" ಎಂದು ಮನೆತನದ ಹೆಸರು ಕೇಳಿ ಬರೆದಿದ್ದ. ಹಿಂಡಿ ಎಷ್ಟು ಖಾರ ಎಂದು ಕೇಳಲಿಲ್ಲ ಪುಣ್ಯಾತ್ಮ.

ಕಂಡವರ ಹೊಲದಲ್ಲಿ ಕಳೆ ತೆಗೆದು ನಡ ಬಗ್ಗಿದ ಅವ್ವ ಇನ್ನಾದರೂ ಮನೆಯಲ್ಲಿ ಕೂಡಬೇಕು, ಅವಳ ಹೆಸರಿನ ಡಬ್ಬಿ ದೊಡ್ಡ ಅಂಗಡಿಯಲ್ಲಿ ಇರಬೇಕು. ವಿಶಾಖಾಳ ಆಸೆ ಇಷ್ಟೇ. ಅದಕ್ಕೆಂದೇ ವಿಜಯಪುರದಿಂದ ಕಾಲೇಜಿನ ಗೆಳತಿ ನೇತ್ರಾಳನ್ನು ಕರೆಸಿದಳು. ಅಂಗಡಿಯವರಿಗೆ ವಿಡಿಯೊ ಮಾಡಿಕೊಡುವುದು ನೇತ್ರಾಳ ಕೆಲಸ. ಬರುವಾಗ ಕೆಂಪು ಪರದೆ, ಹಿತ್ತಾಳೆ ಕೊಡ, ಥರ್ಮಾಕೋಲಿನ ತುಳಸಿಕಟ್ಟೆ ಎಲ್ಲ ಹೇರಿಕೊಂಡೇ ಬಂದಳು.

"ಪಟ ತಗೀಬ್ಯಾಡ. ಮುಂದ ಪರದೆ ಬಿಡ್ತೀನಿ, ಅಷ್ಟ," ಎಂದಳು ನೇತ್ರಾ, ಕಣ್ಣು ತಪ್ಪಿಸಿ. "ನೋಡೋರಿಗೆ ನಂಬಿಕಿ ಬರಬೇಕಲ್ಲ."

ಆ ನಂಬಿಕೆ ಯಾವ ಬಗೆಯದೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಪರದೆಯ ಇನ್ನೊಂದು ತುದಿ ಹಿಡಿದು ಕಟ್ಟಿದವಳು ವಿಶಾಖಾಳೇ.

ಒನಕೆ ಹಿಡಿಯುವ ಮೊದಲು ಗೋಡೆಯ ಕಡೆ ತಿರುಗಿ ಕೈ ಮುಗಿಯುವುದು ರೇಣವ್ವನ ರೂಢಿ. ಕ್ಯಾಮೆರಾ ಇದ್ದರೇನು, ಬಿಟ್ಟರೇನು? ಅವತ್ತೂ ತಿರುಗಿದಳು, ಕಣ್ಣು ಮುಚ್ಚಿ ಕೈ ಮುಗಿದಳು, ಆಮೇಲೆ ಕುಟ್ಟತೊಡಗಿದಳು. ಪರದೆಯ ಮುಂದೆ ತುಳಸಿಕಟ್ಟೆ ಇತ್ತು.

"ತುಳಸವ್ವನ ಮ್ಯಾಲೆ ಎಷ್ಟ ಭಕ್ತಿ!" ಎಂದು ಮಂದಿ ಬರೆದದ್ದೇ ಬರೆದದ್ದು. ತಿಕೋಟಾದಿಂದ ಬೇಡಿಕೆ ಬಂತು. ವಿಜಯಪುರದ ಜೋರಾಪುರ ಪೇಟೆಯ ಅಂಗಡಿಕಾರ ಬಸಲಿಂಗಯ್ಯ ತಾನಾಗಿ ಫೋನ್ ಮಾಡಿದ. "ಇಂಥಾ ಮನಿ ಹಿಂಡಿ ಕಣ್ಣು ಮುಚ್ಚಿ ತಿನ್ನಬಹುದ್ರಿ. ಡಬ್ಬಿ ನಮ್ಮಲ್ಲೇ ಇಡೂಣು. ಅಂಗಡ್ಯಾಗ ತೋರಸಾಕ ಇನ್ನೊಂದು ವಿಡಿಯೊ ಕಳಸ್ರಿ."

ರೇಣವ್ವನ ಹೆಸರು ಹಚ್ಚಿದ ಡಬ್ಬಿಗಳು ಸಿದ್ಧವಾದವು. ನೇತ್ರಾ ಮತ್ತೆ ಬಂದಳು, ಪರದೆ ಮತ್ತೆ ಏರಿತು.

"ಅವ್ವಾರ, ಹ್ವಾದ ಸಲದಂಗ ತುಳಸಿಗೆ ಕೈ ಮುಗೀರಿ."

ರೇಣವ್ವನಿಗೆ ಆಶ್ಚರ್ಯವಾಯಿತು. "ತುಳಸಿಗೆ ಯಾವಾಗ ಮುಗದೆ ಯವ್ವಾ? ನಾ ಮುಗದದ್ದು ಬಾಬಾಸಾಹೇಬರಿಗೆ. ಈ ಪರದೆ ಅರಿವಿ ಹಿಂದ ಅದಾರಂತ ಗೊತ್ತಿತ್ತಲ್ಲ." ಆಮೇಲೆ ಮಗಳ ಮುಖ ನೋಡಿದಳು. "ಅವರನ್ನ ತೋರಸಾಕ ನಿನಗ ನಾಚಿಕಿ ಆಗತೈತೇನ, ವಿಶಾಖಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ವಿಶಾಖಾಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಹೋಗಿ ಪರದೆ ಬಿಚ್ಚಿದಳು.

"ಅಂಗಡ್ಯಾವ್ರು ಒಲ್ಲೆ ಅಂದ್ರ?" ಎಂದಳು ನೇತ್ರಾ.

"ಅನ್ನಲಿ. ನೀ ವಿಡಿಯೊ ತಗೀ."

ಪಟಗಳು ಕಾಣುವ ವಿಡಿಯೊ ಹೋದ ಮರುದಿನ ಬಸಲಿಂಗಯ್ಯನ ಫೋನ್ ಬಂತು. "ಹ್ವಾದ ಸಲದ್ದ ಚಲೋ ಇತ್ತ್ರಿ. ತಾಯಾರು ಎಷ್ಟ ಭಕ್ತಿಲೆ ಕೈ ಮುಗದಿದ್ರು!"

"ಆಗೂ ನಮ್ಮವ್ವ ಬಾಬಾಸಾಹೇಬರಿಗೇ ಮುಗದಿದ್ಲರಿ. ನಡುವ ಒಂದು ಅರಿವಿ ಇತ್ತು. ಅದನ್ನ ಕಟ್ಟಿದಾಕಿ ನಾನ," ಎಂದಳು ವಿಶಾಖಾ.

"ನೋಡೂಣ್ರಿ," ಎಂದು ಬಸಲಿಂಗಯ್ಯ ಫೋನ್ ಇಟ್ಟ. ಆ ನೋಡೂಣದ ಅರ್ಥ ವಿಶಾಖಾಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂಲೆಯಲ್ಲಿ ಜೋಡಿಸಿಟ್ಟ ಡಬ್ಬಿಗಳನ್ನು ನೋಡಿ ಅವಳ ಕಣ್ಣು ತುಂಬಿತು.

ರೇಣವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹುರದ ಶೇಂಗಾ ಆರ್‍ಯಾವು, ಕುಟ್ಟೂಣು ಬಾ," ಎಂದು ಗೋಡೆಯ ಕಡೆ ತಿರುಗಿ ಕೈ ಮುಗಿದಳು. ವಿಶಾಖಾ ಎದ್ದು ಬಂದು ಅವ್ವನ ಪಕ್ಕದಲ್ಲಿ ನಿಂತು ತಾನೂ ಕೈ ಮುಗಿದಳು. ಅದನ್ನು ವಿಡಿಯೊ ಮಾಡಿಕೊಳ್ಳುವವರು ಯಾರೂ ಅಲ್ಲಿರಲಿಲ್ಲ.