ನೀರಿನ ಬೈಕಿಗೆ ಬ್ರೇಕಿಲ್ಲ

"ಜಾಕೆಟ್ ಹಾಕ್ಕೊಂಡ್ರೆ ಫೋಟೋ ಚೆನ್ನಾಗಿ ಬರಲ್ಲ." ಕೆರೆ ದಂಡೆಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು ಇದು. ನೀರಿನ ಬೈಕನ್ನು, ಅಂದರೆ ಜೆಟ್ ಸ್ಕೀಯನ್ನು, ಬಾಡಿಗೆಗೆ ಪಡೆದು ಹತ್ತುವವರು ನೀರಲ್ಲಿ ತೇಲಿಸುವ ಲೈಫ್ ಜಾಕೆಟ್ಟನ್ನು ದಡದಲ್ಲೇ ಬಿಸಾಕಿ ಹೊರಡುತ್ತಾರೆ. ಅಲ್ಲಿರುವ ಮೂರು ಬೈಕುಗಳ ಮಾಲೀಕ, ಊರಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮನ ಮೈದುನ. ಅವಳ ಗಂಡ ರಸ್ತೆ ಬೈಕುಗಳ ಮೆಕ್ಯಾನಿಕ್. ಈ ನೀರಿನ ಬೈಕುಗಳ ರಿಪೇರಿಯೂ ಅವನದೇ. ಕಿತ್ತುಹೋದ ಜಾಕೆಟ್ ಪಟ್ಟಿಗಳನ್ನು ಹೊಲಿಯುವುದಷ್ಟೇ ಟೈಲರಮ್ಮನ ಪಾಲು.

ಆ ಭಾನುವಾರ ಟೈಲರಮ್ಮನ ಮಗಳಿಗೆ ಹದಿನೆಂಟು ತುಂಬುವುದಿತ್ತು. ಅವಳನ್ನು ಹಿಂದೆ ಕೂರಿಸಿಕೊಂಡು ಕೆರೆಯ ಆಚೆ ದಡದವರೆಗೂ ಸುತ್ತಾಡಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ.

ಶುಕ್ರವಾರ ಮಧ್ಯಾಹ್ನ, ಕೆರೆಯಲ್ಲಿ ಜೀವರಕ್ಷಕಿಯಾಗಿರುವ ಹುಡುಗಿ ಜಾಕೆಟ್ಟಿಗೆ ಹೊಸ ಬಕಲ್ ಹಾಕಿಸಲು ಅಂಗಡಿಗೆ ಬಂದಳು.

"ಅಕ್ಕ, ಮಗಳು ಭಾನುವಾರ ನೀರಿಗಿಳೀತಾಳಂತೆ?"

"ಹೂಂ ಕಣೇ, ಅವರಪ್ಪನ ಜೊತೆ. ಮೀಸೆ ಬಂದಾಗಿಂದ ಬೈಕ್ ಓಡಿಸ್ತಿರೋರು. ಏನೂ ಆಗಲ್ಲ ಬಿಡು."

"ಅದಕ್ಕೇ ನಂಗೆ ಭಯ. ರಸ್ತೇಲಿ ಏನಾದ್ರೂ ಅಡ್ಡ ಬಂದ್ರೆ ಅವರು ಏನ್ ಮಾಡ್ತಾರೆ?"

"ಆಕ್ಸಿಲರೇಟರ್ ಬಿಡ್ತಾರೆ, ಬ್ರೇಕ್ ಹಾಕ್ತಾರೆ, ಹ್ಯಾಂಡಲ್ ತಿರುಗಿಸ್ತಾರೆ."

"ನಿಮ್ಮ ಮೈದುನರ ಗಾಡಿಗಳಿಗೆ ಬ್ರೇಕೇ ಇಲ್ಲ ಅಕ್ಕ. ಹಿಂದಿನಿಂದ ಚಿಮ್ಮೋ ನೀರೇ ಅವನ್ನ ತಿರುಗಿಸೋದು. ಆಕ್ಸಿಲರೇಟರ್ ಬಿಟ್ರೆ ನೀರು ಚಿಮ್ಮಲ್ಲ. ಹ್ಯಾಂಡಲ್ ತಿರುಗುತ್ತೆ, ಗಾಡಿ ನೆಟ್ಟಗೆ ಹೋಗಿ ಗುದ್ದುತ್ತೆ. ಬೈಕು ಬೈಕು ಅಂತ ಕರೆದು ಎಲ್ರೂ ಹಾಗೇ ಅಂದ್ಕೊಂಡಿದಾರೆ."

ಹೊಲಿಗೆ ಯಂತ್ರದ ಮೇಲಿದ್ದ ಕಾಲು ನಿಂತಿತು.

"ಮತ್ತೆ ಎದುರಿಗೆ ಯಾರಾದ್ರೂ ಬಂದ್ರೆ?"

"ದೂರ ಇರೋವಾಗ್ಲೇ ತಿರುಗಿಸ್ಬೇಕು, ಆಕ್ಸಿಲರೇಟರ್ ಕೊಟ್ಕೊಂಡೇ. ಈಜೋರ ಹತ್ರ, ದೋಣಿಗಳ ಹತ್ರ ಸುಳೀಲೇಬಾರದು." ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಇನ್ನೊಂದಿದೆ. ಇದನ್ನ ಹೇಳೋಕೆ ಎಲ್ರೂ ನಾಚ್ಕೋತಾರೆ. ಹಿಂದೆ ಕೂತೋರು ಹಿಮ್ಮುಖವಾಗಿ ಬಿದ್ರೆ ಆ ನೀರಿನ ಧಾರೆ ಕೆಳಗಿಂದ ಮೈಯೊಳಗೇ ನುಗ್ಗಬಹುದು. ಒಳಗೆಲ್ಲ ಹರಿದುಹೋಗುತ್ತೆ ಅಕ್ಕ. ಈಜುಡುಗೆಯಂಥ ತೆಳು ಬಟ್ಟೆ ತಡೆಯಲ್ಲ. ಡೈವಿಂಗ್ ಮಾಡೋರು ಹಾಕೋ ದಪ್ಪ ರಬ್ಬರ್ ಬಟ್ಟೆಯ ಚಡ್ಡಿ ಬೇಕು."

ಟೈಲರಮ್ಮ ಇಷ್ಟು ವರ್ಷ ಎಷ್ಟೋ ಹೆಂಗಸರ ಮೈಯ ಅಳತೆ ತೆಗೆದಿದ್ದಳು. ಅಳತೆ ಕೊಡುವಾಗ ಅವರು ಪಿಸುಗುಟ್ಟಿದ ಎಷ್ಟೋ ನೋವುಗಳು ಅವಳಿಗೆ ಗೊತ್ತಿದ್ದವು. ಇದೊಂದನ್ನು ಯಾರೂ ಹೇಳಿರಲಿಲ್ಲ. ಹೇಳದೆ ಉಳಿಸಿಕೊಂಡ ಮಾನ ಯಾರಿಗೆ ಬೇಕು ಎಂದು ಅವಳಿಗೆ ಸಿಟ್ಟು ಬಂತು.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ನಕ್ಕ.

"ಆ ಗಾಡಿ ಬಿಚ್ಚಿ ಜೋಡಿಸೋನು ನಾನು. ನಂಗೇ ಪಾಠ ಹೇಳ್ತೀಯಾ?"

ಅವಳು ಸುಮ್ಮನಾದಳು. ಮದುವೆಯಾದಾಗಿನಿಂದ ಅವಳ ಜಗಳಗಳೆಲ್ಲ ಹೀಗೆಯೇ. ಮರುದಿನ ಹೊಲಿಗೆ ಯಂತ್ರದ ಮುಂದೆ ಕೂತು, ಮನಸ್ಸಿನೊಳಗೇ ಜವಾಬು ಕೊಟ್ಟು, ಮನಸ್ಸಿನೊಳಗೇ ಗೆಲ್ಲುತ್ತಿದ್ದಳು. ಈ ಸಲ ಹಾಗೆ ಗೆದ್ದರೆ ಏನು ಬಂತು? ನೀರಿಗೆ ಹೋಗುವವಳು ಮಗಳು.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳೇ ದಡದಲ್ಲಿದ್ದಳು. ಪ್ರತಿ ಗಾಡಿಗೂ ಒಂದು ಕೆಂಪು ಸುರುಳಿ ದಾರವಿದೆ. ಅದರ ಒಂದು ತುದಿ ಎಂಜಿನ್ ಸ್ವಿಚ್ಚಿಗೆ, ಇನ್ನೊಂದು ಓಡಿಸುವವರ ಕೈಗೆ. ಬಿದ್ದರೆ ದಾರ ಕಿತ್ತುಬಂದು ಎಂಜಿನ್ ನಿಲ್ಲಬೇಕು. ಗಿರಾಕಿಗಳು ಅಲುಗಾಡಿದಾಗಲೆಲ್ಲ ಎಂಜಿನ್ ನಿಲ್ಲುತ್ತದೆಂದು ಮೈದುನ ಆ ತುದಿಯನ್ನು ಹ್ಯಾಂಡಲ್ಲಿಗೇ ಬಿಗಿದಿದ್ದ. ಟೈಲರಮ್ಮ ಆ ಕಟ್ಟುಗಳನ್ನು ಕತ್ತರಿಯಿಂದ ಕತ್ತರಿಸಿ, ಸ್ವಿಚ್ಚಿನಿಂದಲೂ ಬಿಡಿಸಿ, ಮೂರೂ ದಾರಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ದಾರವಿಲ್ಲದೆ ಗಾಡಿ ಹೊರಡುವುದಿಲ್ಲ.

"ಏನ್ ಅತ್ತಿಗೆ ಇದು? ಗಿರಾಕಿಗಳ ಮುಂದೆ ಮರ್ಯಾದೆ ತೆಗೀತಿದೀರಲ್ಲ!"

"ಹೋದ ಮರ್ಯಾದೆ ನಾಳೆ ವಾಪಸ್ ಬರುತ್ತೆ ಕಣಪ್ಪ. ಹೋದ ಮಗಳು ಬರ್ತಾಳಾ?"

ಗಂಡ ಕೈ ಚಾಚಿದ. "ನಾಟಕ ಸಾಕು. ದಾರ ಕೊಡು."

"ಕೊಡಲ್ಲ ರೀ." ಅವಳು ಮುಷ್ಟಿಯನ್ನು ಬೆನ್ನ ಹಿಂದಕ್ಕೆ ಸರಿಸಿದಳು. "ಅಲ್ಲಿ ಖಾಲಿ ಕ್ಯಾನ್ ತೇಲ್ತಿದೆ ನೋಡಿ. ಜೀವರಕ್ಷಕಿ ಅದು ಕದಲದ ಹಾಗೆ ಕಲ್ಲು ಕಟ್ಟಿ ಬಿಟ್ಟಿದಾಳೆ, ಆ ಕಡೆ ಯಾರೂ ಇಲ್ಲ. ಹತ್ರ ಹೋಗಿ, ರಸ್ತೇಲಿ ತಪ್ಪಿಸ್ತೀರಲ್ಲ, ಹಾಗೇ ತಪ್ಪಿಸಿ. ತಪ್ಪಿಸಿದ್ರೆ ನಾನು ಇನ್ನು ಬಾಯೇ ತೆರೆಯಲ್ಲ."

"ಅಷ್ಟೇನಾ? ತಾ."

"ಮೊದಲು ಜಾಕೆಟ್."

ಅವನು ಜಾಕೆಟ್ ಹಾಕಿಕೊಂಡ. ಅವಳು ಅದರ ಭುಜ ಹಿಡಿದು ಮೇಲಕ್ಕೆಳೆದಳು. ಜಾಕೆಟ್ ಕಿವಿಯವರೆಗೂ ಬಂತು. ಅಷ್ಟು ಸಡಿಲವಿದ್ದರೆ ನೀರಿನಲ್ಲಿ ಅದೊಂದೇ ತೇಲುತ್ತದೆ. ಪಟ್ಟಿಗಳನ್ನೆಲ್ಲ ಬಿಗಿದಳು.

"ಉಸಿರು ಕಟ್ಟುತ್ತೆ ಕಣೇ."

"ಇಷ್ಟು ಮಾತು ಬರ್ತಿದೆಯಲ್ಲ, ಉಸಿರೂ ಬರುತ್ತೆ."

ದಾರದ ಒಂದು ತುದಿಯನ್ನು ಸ್ವಿಚ್ಚಿಗೆ ಸಿಕ್ಕಿಸಿ, ಇನ್ನೊಂದನ್ನು ತಾನೇ ಅವನ ಮಣಿಕಟ್ಟಿಗೆ ಕಟ್ಟಿ ಕಳಿಸಿದಳು.

ಗಾಡಿ ಬಾಣದಂತೆ ಹೋಯಿತು. ಕ್ಯಾನಿನ ಹತ್ತಿರ ಬಂದಾಗ ಅವನು ಆಕ್ಸಿಲರೇಟರ್ ಬಿಟ್ಟ, ಹ್ಯಾಂಡಲ್ ತಿರುಗಿಸಿದ. ಗಾಡಿ ತಿರುಗಲಿಲ್ಲ. ನೆಟ್ಟಗೆ ಕ್ಯಾನಿನ ಮೇಲೆ ಹತ್ತಿತು, ಅವನು ಪಕ್ಕಕ್ಕೆ ಉರುಳಿ ನೀರಿಗೆ ಬಿದ್ದ. ದಾರ ಕಿತ್ತುಬಂತು, ಎಂಜಿನ್ ನಿಂತಿತು.

ಜಾಕೆಟ್ ಅವನ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿದಿತ್ತು. ಜೀವರಕ್ಷಕಿ ದೋಣಿಯಲ್ಲಿ ಹೋಗಿ ಅವನನ್ನು ಕರೆತಂದಳು.

ಅವನು ಕೆಮ್ಮುತ್ತ ಮರಳ ಮೇಲೆ ಕುಳಿತ. "ತಿರುಗಿಸಿದೆ ಕಣೇ," ಎಂದ. "ಪೂರ್ತಿ ತಿರುಗಿಸಿದೆ."

"ಗೊತ್ತು ರೀ."

ಗೆದ್ದ ಖುಷಿ ಅವಳಿಗೆ ಆಗಲಿಲ್ಲ. ಆ ಕ್ಯಾನ್ ಒಂದು ತಲೆಯಷ್ಟೇ ದೊಡ್ಡದಿತ್ತು. ಮೈದುನ ಎಂಜಿನ್ ನಿಂತು ತೇಲುತ್ತಿದ್ದ ಗಾಡಿಯನ್ನೇ ನೋಡುತ್ತಿದ್ದ. ಆಮೇಲೆ ಹೋಗಿ, ದಂಡೆಯಲ್ಲಿ ಬಿಸಾಕಿದ್ದ ಜಾಕೆಟ್ಟುಗಳನ್ನು ಒಂದೊಂದಾಗಿ ಎತ್ತಿಕೊಂಡು ಬಂದ.

ಅವತ್ತು ಸವಾರಿ ನಡೆಯಲಿಲ್ಲ. ಅಪ್ಪ, ಮಗಳು ಇಬ್ಬರೂ ವಾರವಿಡೀ ಜೀವರಕ್ಷಕಿಯ ಹತ್ತಿರ ಕಲಿತರು. ಮುಂದಿನ ಭಾನುವಾರ ಹ್ಯಾಂಡಲ್ ಹಿಡಿದವಳು ಮಗಳು. ಅವಳ ಸೊಂಟ ಹಿಡಿದು ಹಿಂದೆ ಕೂತವನು ಅಪ್ಪ. ದಪ್ಪ ಚಡ್ಡಿ ಕೊಟ್ಟಾಗ ಅವನು ಗೊಣಗಿದ್ದ, "ನಂಗ್ಯಾಕೇ ಇದು?"

"ಆ ಧಾರೆಗೆ ಗಂಡು ಹೆಣ್ಣು ಅಂತ ಗೊತ್ತಾಗಲ್ಲ. ಹಾಕ್ಕೊಳ್ಳಿ."

ಈಗ ಭಾನುವಾರಗಳಂದು ಗಾಡಿಗಳ ಕೆಂಪು ದಾರ ಕೊಡುವವಳು ಟೈಲರಮ್ಮ. ಜಾಕೆಟ್ ಹಾಕದವರಿಗೆ ಕೊಡುವುದಿಲ್ಲ. ಕುಡಿದು ಬಂದವರು ಎಷ್ಟು ಕೂಗಾಡಿದರೂ ಕೊಡುವುದಿಲ್ಲ.

ಅಕ್ಕತಂಗಿಯರೇ, ನಿಮ್ಮ ಮನೆಯವರೂ ನೀರಿಗಿಳಿಯುವವರೇ. ಜಾಕೆಟ್ಟಿನ ಭುಜ ಎಳೆದು ನೋಡದೆ, ದಾರ ಕೈಗೆ ಕಟ್ಟದೆ, ಓಡಿಸುವುದನ್ನು ಕಲಿಯದೆ ಯಾರನ್ನೂ ಬಿಡಬೇಡಿ. ಕುಡಿದವರ ಹಿಂದೆ ಕೂರಬೇಡಿ. ಹೇಳಲು ನಾಚಿಕೆಯಾಗುವ ಮಾತನ್ನು ಮಗಳಿಗೆ ಮೊದಲು ಹೇಳಿ. ನಿಮ್ಮನ್ನು ಪುಕ್ಕಲಿ ಅನ್ನುತ್ತಾರೆ, ಅನ್ನಲಿ. ನಾಲ್ಕು ಜನರ ಮುಂದೆ ಗಲಾಟೆಯಾಗುತ್ತದೆ, ಆಗಲಿ. ಅವರು ಸಂಜೆ ತಮ್ಮ ಕಾಲ ಮೇಲೆ ನಡೆದು ಮನೆಗೆ ಬಂದು ನಿಮ್ಮನ್ನು ಬೈಯಲಿ.