ಹತ್ತನೇ ಬೆರಳು

ಸೀದ ವಾಸನೆ, ಒಗ್ಗರಣೆಯೇ ಇರಬೇಕು, ಸೀಯಲಿ ಬಿಡು, ಕರೀ ಸಾಸಿವೆ ಇನ್ನೊಂದಿಷ್ಟು ಕರ್ರಗಾದರೆ ಯಾರ ಗಂಟು ಹೋಗುತ್ತೆ — ನಾಗರತ್ನಮ್ಮ ಕೈಯೊಂದನ್ನೇ ಚಾಚಿ ಒಲೆ ಆರಿಸಿದಳು, ಕಣ್ಣು ಪುಟದಿಂದ ಏಳಲಿಲ್ಲ, ಏಳುವುದಾದರೂ ಹೆಂಗೆ, ಅಲ್ಲಿ ಕಥೆಯೊಳಗಿನ ಮಾಟಗಾತಿ ತಮಸಿ ಒಂಬತ್ತು ಬೆರಳು ಕಪ್ಪಾಗಿ ನಿಂತಿದ್ದಾಳೆ, ಒಂದೊಂದು ಮಾಟಕ್ಕೂ ಒಂದೊಂದು ಬೆರಳು ಇದ್ದಿಲಾಗುತ್ತೆ, ಉಳಿದಿರೋದು ಬಲಗೈ ತೋರುಬೆರಳೊಂದೇ, ಅದೂ ಕಪ್ಪಾದರೆ ಅಗ್ನಿಕೇತ ಯಾರು ಅನ್ನೋದೇ ಅವಳಿಗೆ ಮರೆತುಹೋಗುತ್ತೆ, ಮಾಟ ಮಾಡದಿದ್ದರೆ ಅವನು ಸಾಯುತ್ತಾನೆ. ಸಾಯಲಿ ಅಂತ ಮೊದಲ ನೂರು ಪುಟ ಇವಳೂ ಶಪಿಸಿದ್ದಳು, ಏನು ಕೊಬ್ಬು ಆ ಅಗ್ನಿಕೇತನಿಗೆ, ಮಾಂತ್ರಿಕರ ಗದ್ದುಗೆ ಇಬ್ಬರಲ್ಲಿ ಒಬ್ಬರಿಗೇ, ಸೋತವರ ತಲೆ ಉಳಿಯಲ್ಲ, ಅಂಥಾದ್ದರಲ್ಲೂ ಕಾಳಗದ ಹಿಂದಿನ ದಿನ ಅವಳ ಕೋಟೆಗೇ ನುಗ್ಗಿ, ನಿನ್ನ ಮಂತ್ರದ ಮೂರನೇ ಸಾಲು ತಪ್ಪು ಕಣೇ, ಅಂತ ತಿದ್ದಿಕೊಟ್ಟು ಹೋದ. ತಿದ್ದಿಕೊಟ್ಟು! ಐವತ್ನಾಲ್ಕು ವರ್ಷದ ಹೆಂಗಸು ಅಡುಗೆಮನೆ ನೆಲದ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದಳು, ಆಮೇಲೆ ಯಾಕೋ ಅಳುವೂ ಬಂತು, ಮೂವತ್ತು ವರ್ಷದಿಂದ ಇನ್ನೊಬ್ಬರ ಸಾಲು ತಿದ್ದುತ್ತಾ ಬಂದವಳು ತಾನು, ತನ್ನದನ್ನು ಯಾರು ತಿದ್ದಿಕೊಟ್ಟರು, ಯಾರೂ ಇಲ್ಲ.

ಪುಸ್ತಕವೇನು ಇವಳದಲ್ಲ, ಪುರವರದ ಲಕ್ಕಮ್ಮನ ಮಗಳು ಭುವನಾದು. ಒಂಬತ್ತು ದಿನದ ಹಿಂದೆ ಲಕ್ಕಮ್ಮ ಅದನ್ನು ಸತ್ತ ಇಲಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದು ಬಸ್ಸಿಳಿದು ಮಧುಗಿರಿಯ ಈ ಮನೆಗೆ ತಂದಿದ್ದಳು — ಅಯ್ನೋರೆ, ನನ್ ಮಗೀಗೆ ಯಾರೋ ಮಾಟ ಮಾಡ್ಸವ್ರೆ, ಒಬ್ಳೇ ನಗ್ತಾಳೆ, ಗಂಡು ಬಂದ್ರೆ ಬ್ಯಾಡ ಅಂತಾಳೆ, ಈ ಪುಸ್ತಕ ಬಂದ್ಮೇಲೇ ಇಂಗಾಗಿದ್ದು, ಒಳಗೆಲ್ಲ ಬರೀ ಮಾಟದ್ದೇ ಬರ್ದವ್ರೆ. ಅಯ್ನೋರು, ಅಂದರೆ ಇವಳ ಗಂಡ ವೀರಭದ್ರಯ್ಯ, ಊರ ಮಾಟವೆಲ್ಲ ತೆಗೆಯುವವರು, ಒಂದು ಹಾಳೆ ತಿರುವಿ ನೋಡಲಿಲ್ಲ, ಹಳದಿ ಬಟ್ಟೆಯಲ್ಲಿ ಸುತ್ತಿ ಮೇಲೊಂದು ನಿಂಬೆಹಣ್ಣಿಟ್ಟು ದೇವರ ಕೋಣೆ ಮೂಲೆಗೆ ತಳ್ಳಿದರು, ಅಮಾವಾಸ್ಯೆ ಮಧ್ಯಾಹ್ನ ಸುಡೋಣ, ಹುಡುಗಿ ತೋಳಿಗೆ ಯಂತ್ರ ಕಟ್ಟೋಣ, ಶುಕ್ರವಾರ ಗಂಡಿನ ಕಡೆಯವರ ಮುಂದೆ ಅವಳೇ ಹೂಂ ಅಂತ ತಲೆ ಆಡಿಸ್ತಾಳೆ. ಇವಳ ಕಡೆ ತಿರುಗಿ, ನೀನು ಮುಟ್ಟಬೇಡ. ಅವತ್ತೇ ಅವರು ಊಟ ಮಾಡಿ ಅಡ್ಡಾದ ಹೊತ್ತಿಗೆ ಮುಟ್ಟಿದಳು. ಏನಾಯಿತು, ಒಂಬತ್ತು ದಿನ ಒಗ್ಗರಣೆ ಸೀದಿತು, ಅಷ್ಟೇ. ನಿಂಬೆಹಣ್ಣು ಮೊನ್ನೆಯ ಚಿತ್ರಾನ್ನಕ್ಕೆ ಹೋಯಿತು, ಅವರೇ ಎರಡು ಸಲ ಹಾಕಿಸಿಕೊಂಡು ಉಂಡರು.

ಮಾಟವಂತೆ, ಮಾಟ. ಆ ಯಂತ್ರ ಬರೆಯುವವರು ಯಾರು ಅಂತ ಕೇಳಿ ನೋಡಿ — ಮದುವೆಯಾದ ಎರಡನೇ ವರ್ಷದಿಂದ ಅವರ ಕೈ ನಡುಗುತ್ತೆ, ಗೆರೆ ನೆಟ್ಟಗೆ ಬರಲ್ಲ, ಅವರು ಹೊರಗೆ ಕೂತು ಮಂತ್ರ ಹೇಳಿದರೆ ಒಳಗೆ ತಾಮ್ರದ ತಗಡಿನ ಮೇಲೆ ಮೊಳೆಯಲ್ಲಿ ಗೀರುವವಳು ಇವಳು, ದೀಪದ ಮಸಿ ತೋರುಬೆರಳಿಗೆ ಮೆತ್ತಿ ಗೆರೆಗೆ ತೀಡುವವಳು ಇವಳು, ತಪ್ಪಿದ ಅಕ್ಷರ ಸದ್ದಿಲ್ಲದೆ ಸರಿಮಾಡುವವಳೂ ಇವಳೇ, ಹೆಂಗಸು ಬರೆದದ್ದಕ್ಕೆ ಶಕ್ತಿ ಇರಲ್ಲ ಅಂತ ಹೇಳಿಸಿಕೊಳ್ಳುವವಳೂ ಇವಳೇ. ಮಸಿ ಬೆರಳಿಗೇ ಇಳಿದುಬಿಟ್ಟಿದೆ, ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗಲ್ಲ. ತಮಸಿಗೆ ಒಂಬತ್ತು ಕರಿ, ಒಂದೇ ಒಂದು ಚೊಕ್ಕ, ಇವಳಿಗೆ ಒಂಬತ್ತು ಚೊಕ್ಕ, ಒಂದು ಕರಿ, ಅದೂ ಅದೇ ಬೆರಳು. ಎಷ್ಟು ಹುಡುಗಿಯರ ತೋಳಿಗೆ ಹೋಯಿತೋ ಈ ಬೆರಳಿನ ಮಸಿ, ಎಷ್ಟು ಜನ ತಲೆ ಆಡಿಸಿದರೋ. ಇವತ್ತೇ ಅಮಾವಾಸ್ಯೆ, ಭುವನಾಗೆ ಕಟ್ಟೋ ತಗಡು ಒರಳುಕಲ್ಲಿನ ಪಕ್ಕ ಖಾಲಿ ಬಿದ್ದಿದೆ, ಬಿದ್ದಿರಲಿ.

ರತ್ನಾ, ತಗಡು ತಾ, ಆ ಗಂಟೂ ತಾ, ಹೊತ್ತಾಯ್ತು, ಪಡಸಾಲೆಯಿಂದ ಗಂಡನ ಕೂಗು. ಹೊಗೆ ಒಳಗೆ ನುಗ್ಗುತ್ತಿದೆ, ಬೆಂಕಿ ಹಾಕಿಬಿಟ್ಟರು, ಇನ್ನೂ ಮೂವತ್ತೆರಡು ಪುಟ ಇದೆ, ತಮಸಿ ಬೆರಳು ಎತ್ತಿದ್ದಾಳೆ, ಅಗ್ನಿಕೇತ ಬೇಡ ಅಂತಿದ್ದಾನೆ, ನನ್ನ ಸೋಲಿಸೋಕೆ ನೀನು ಇರಬೇಕು ಕಣೇ, ನನ್ನ ಮರೆತವಳನ್ನ ಗೆದ್ದು ಏನು ಮಾಡಲಿ ಅಂತಿದ್ದಾನೆ, ಈಗ ಇದನ್ನು ಬೆಂಕಿಗೆ ಕೊಡೋದಾ, ಯಾವ ಬಾಯಲ್ಲಿ ಕೇಳ್ತಾರೆ — ಎದ್ದಳು, ಪುಟಗಳ ನಡುವೆ ಬೆರಳಿಟ್ಟುಕೊಂಡೇ ಎದ್ದಳು, ಪಡಸಾಲೆಯಲ್ಲಿ ಬೆಂಕಿ, ಗಂಡ, ಲಕ್ಕಮ್ಮ, ಗೋಡೆಗೆ ಒರಗಿ ತಲೆ ತಗ್ಗಿಸಿದ ಆ ಹುಡುಗಿ ಭುವನಾ. ಹೊಸ್ತಿಲ ಈಚೆಗೆ ಕಾಲು ಮಡಚಿ ಕೂತಳು. ಇನ್ನೂ ಮೂವತ್ತೆರಡು ಪುಟ ಐತೆ, ಓದಿ ಈ ಹುಡುಗಿ ಕೈಗೇ ಕೊಡ್ತೀನಿ, ಬೆಂಕಿಗೆ ಕೊಡಲ್ಲ. ತಗಡೆಲ್ಲಿ, ಅಂದರು ಅವರು, ದನಿ ಇಳಿದಿತ್ತು. ನೀವೇ ಬರೀರಿ. ಅಂದುಬಿಟ್ಟಳು, ಮೂವತ್ತು ವರ್ಷ ನಾಲಿಗೆ ತುದಿಯಲ್ಲಿದ್ದದ್ದು ಎರಡು ಮಾತಲ್ಲಿ ಮುಗಿಯಿತು. ಅವರು ಪುಸ್ತಕಕ್ಕೆ ಕೈ ಚಾಚಿದರು, ಚಾಚಿದ ಕೈ ಎಲ್ಲರೆದುರು ಗಡಗಡ ನಡುಗಿತು, ಲಕ್ಕಮ್ಮ ನೋಡಿದಳು, ಅವರು ಸರಕ್ಕನೆ ಶಲ್ಯದೊಳಗೆ ಎಳಕೊಂಡರು, ಅಯ್ಯೋ ಅನ್ನಿಸಿತು, ಇಷ್ಟು ವರ್ಷ ಮುಚ್ಚಿಟ್ಟ ಕೈ ಅದು, ಆದರೂ ಏಳಲಿಲ್ಲ, ಏಳಲ್ಲ. ಅಮ್ನೋರ್ಗೂ ಹಿಡ್ಕಂಬುಡ್ತಾ ಅಂತ ಲಕ್ಕಮ್ಮ ಹಿಂದೆ ಸರಿದಳು, ಹೂಂ ಕಣಮ್ಮ, ಗಟ್ಟಿಯಾಗೇ ಹಿಡ್ಕಂಡೈತೆ ಅಂದಳು ಇವಳು, ಹುಡುಗಿ ತಲೆ ಎತ್ತಿತು, ತೆವಳಿಕೊಂಡು ಹತ್ತಿರ ಬಂತು, ಅಮ್ನೋರೆ, ಆ ಹತ್ತನೇ ಬೆರಳು ಏನಾಯ್ತು, ನಮ್ಮವ್ವ ಅಲ್ಲಿಗೇ ಪುಸ್ತಕ ಕಿತ್ಕಂಡ್ಳು. ನಂಗೂ ಗೊತ್ತಿಲ್ಲ, ಬಾ, ಕೂತ್ಕೋ — ಪುಟ ತಿರುವಬೇಕು, ಹುಡುಗಿ ಮೊಣಕೈ ತಾಗಿಸಿ ಪುಟದ ಮೇಲೆ ಬಗ್ಗಿದೆ, ಬೆಂಕಿ ಸುಮ್ಮನೆ ಉರಿಯುತ್ತಿದೆ, ತಿರುವಬೇಕು, ಬಿಳೀ ಹಾಳೆಯ ಅಂಚಿನ ಮೇಲೆ ಬೆರಳು, ಮಸಿ ಹಿಡಿದ ಬೆರಳು, ತನ್ನದೇ, ಆ ಕರೀ ಬೆರಳು